ಹೊಸ ಮಡಕೆಗೆ ಹಳೆಯ ಹೆಪ್ಪು

ನಮ್ಮ ಹಿತ್ತಿಲಿನ ನುಗ್ಗೆಮರದ ಬುಡದಲ್ಲಿ ನಾನೊಂದು ಗುಂಡಿ ತೋಡಿ ಮುಚ್ಚಿದ್ದೇನೆ. ಎಷ್ಟೋ ಶತಮಾನ ಕಳೆದ ಮೇಲೆ ಯಾರಾದರೂ ಪುರಾತತ್ವದವರು ಮಾಲೂರಿಗೆ ಬಂದು ಅದೇ ಜಾಗದಲ್ಲಿ ಅಗೆದರೆ ಅವರಿಗೆ ಮಡಕೆ ಚೂರುಗಳ ರಾಶಿ ಸಿಗುತ್ತದೆ. ಒಂದು ಚೂರು ಹೆಬ್ಬೆರಳಷ್ಟು ದಪ್ಪ, ಪಕ್ಕದ್ದು ಹಪ್ಪಳದಷ್ಟು ತೆಳು, ಮತ್ತೊಂದು ಅರ್ಧ ಬೆಂದದ್ದು ಅರ್ಧ ಹಸಿ. ಅವರು ತಲೆ ಕೆರೆದುಕೊಂಡು, ಕನ್ನಡಕ ಒರೆಸಿಕೊಂಡು, ಮಡಕೆ ಮಾಡಲು ಬಾರದ ಜನಾಂಗವೊಂದು ಇಲ್ಲಿ ಬಾಳಿ ಅಳಿಯಿತು ಎಂದು ಬರೆದುಕೊಳ್ಳುತ್ತಾರೆ. ಪಾಪ, ಅವರ ತಪ್ಪಲ್ಲ. ಜನಾಂಗವಲ್ಲ ಸ್ವಾಮಿ, ನಾನೊಬ್ಬನೇ ಎಂದು ಹೇಳಲು ಆಗ ನಾನಿರುವುದಿಲ್ಲವಲ್ಲ ಎಂಬುದು ಈಗಿನಿಂದಲೇ ನನಗೊಂದು ಚಿಂತೆ.

ಚಿಂತೆ ಮಾಡುವುದು ನನ್ನ ಮುಖ್ಯ ಕಸುಬು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವುದು ಹೊಟ್ಟೆಪಾಡಿಗೆ. ಬೀಗ ಹಾಕಿದ ಮೇಲೆ ಬೀಗ ಜಗ್ಗಿ ನೋಡಿ, ಬೀದಿಯ ತುದಿಯವರೆಗೆ ಹೋಗಿ, ಜಗ್ಗಿ ನೋಡಿದೆನೋ ಇಲ್ಲವೋ ಎಂದು ವಾಪಸು ಬರುವವನು ನಾನು. ಇಂಥವನು ಮಕ್ಕಳಿಗೆ ವರ್ಷಾನುಗಟ್ಟಲೆ ಹೇಳಿಕೊಡುತ್ತ ಬಂದದ್ದು ಏನು ಗೊತ್ತೆ? ಹಳೆಯ ಕಾಲದವರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ಮಡಕೆ ಚೂರುಗಳಿಂದ ತಿಳಿದದ್ದು ಎಂದು. ಚಿನ್ನವನ್ನು ಮುಂದಿನವರು ಕರಗಿಸಿಕೊಳ್ಳುತ್ತಾರೆ, ಮರ ಗೆದ್ದಲಿಗೆ ಹೋಗುತ್ತದೆ, ಬಟ್ಟೆ ಮಣ್ಣಾಗುತ್ತದೆ. ಮಡಕೆ ಮಾತ್ರ ಉಳಿಯುತ್ತದೆ, ಅದೂ ಒಡೆದ ಮೇಲೆ. ಇಡಿಯಾಗಿದ್ದಾಗ ಅದರ ಆಯಸ್ಸು ಒಂದು ಕೈ ಜಾರುವಷ್ಟು ಹೊತ್ತು. ಒಡೆದ ಮೇಲೆ ಅದಕ್ಕೆ ಸಾವಿಲ್ಲ. ಇದನ್ನು ಹೇಳುವಾಗ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಪಾಠದ ನಡುವೆ ನಾನೂ ಅವರ ಜೊತೆ ಆಕಳಿಸಿದ್ದುಂಟು. ಅದರ ಅರ್ಥ ನನಗೇ ಆಗಿರಲಿಲ್ಲ ಎನ್ನುವುದು ಈಗ ಗೊತ್ತಾಗುತ್ತಿದೆ.

ಇಷ್ಟಕ್ಕೂ ಇದು ಮೊಸರಿನ ಕಥೆ. ಮಡಕೆ ಆಮೇಲೆ ಬಂದದ್ದು.

ನನ್ನ ಹೆಂಡತಿ ವನಜಾ ಮುಳಬಾಗಿಲು ತಾಲ್ಲೂಕಿನ ಆವನಿಯವಳು. ಮದುವೆಯಾಗಿ ಬರುವಾಗ ತವರಿನಿಂದ ಒಂದು ಮೊಸರಿನ ಮಡಕೆ ತಂದಿದ್ದಳು. ಕಪ್ಪಗೆ, ಗುಂಡಗೆ, ಎರಡು ಅಂಗೈ ಸೇರಿಸಿ ಹಿಡಿದರೆ ಸರಿಯಾಗಿ ಕೂರುವಂಥದ್ದು. ಅದರ ಜೊತೆ ಬಂದ ಸ್ಟೀಲ್ ಕೊಳಗ, ಇಡ್ಲಿ ಪಾತ್ರೆ, ಗೋಡೆ ಗಡಿಯಾರ ಎಲ್ಲ ಸವೆದು ಸೋರಿ ನಿಂತು ಗುಜರಿಗೆ ಹೋದವು. ಮಡಕೆ ಮಾತ್ರ ಇತ್ತು. ರಾತ್ರಿ ಊಟವಾದ ಮೇಲೆ ಅವಳು ಹಾಲಿಗೆ ಕಿರುಬೆರಳು ಅದ್ದಿ ನೋಡಿ, ಹೆಪ್ಪು ಹಾಕಿ, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಗುಂಡುಕಲ್ಲು ಇಟ್ಟು ಮಲಗುತ್ತಿದ್ದಳು. ನಾನು ಎದ್ದು ಹೋಗಿ ಕಲ್ಲು ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡಿ ಬರುತ್ತಿದ್ದೆ. "ರೀ, ಬೆಕ್ಕು ಕೂಡ ನಿಮ್ಮಷ್ಟು ಸಲ ಅಡುಗೆಮನೆಗೆ ಹೋಗಲ್ಲ" ಅನ್ನುತ್ತಿದ್ದಳು. ಬೆಳಿಗ್ಗೆ ಮೊಸರು ಚಾಕುವಿನಲ್ಲಿ ಕತ್ತರಿಸುವ ಹಾಗೆ ಗಟ್ಟಿಯಾಗಿರುತ್ತಿತ್ತು. ಮಣ್ಣು ನೀರಿನಂಶವನ್ನು ಕುಡಿದುಬಿಡುತ್ತದಂತೆ. ನಾನು ಅದನ್ನು ರಾಗಿಮುದ್ದೆ ಊಟದ ಕೊನೆಗೆ ಅನ್ನದಲ್ಲಿ ಕಲಸಿ, ಹುಳಿ ಸ್ವಲ್ಪ ಜಾಸ್ತಿಯಾಗಿದೆ ಎಂದೋ, ಇವತ್ತು ಸ್ವಲ್ಪ ಸಪ್ಪೆ ಎಂದೋ ವರದಿ ಕೊಡುತ್ತಿದ್ದೆ. ಚೆನ್ನಾಗಿದೆ ಎಂದು ಹೇಳಿದ ನೆನಪಿಲ್ಲ. ಚೆನ್ನಾಗಿರುವುದರ ಬಗ್ಗೆ ಚಿಂತೆ ಮಾಡುವುದಕ್ಕೇನಿರುತ್ತದೆ ಹೇಳಿ.

ಹೋದ ವರ್ಷ ಒಂದು ಜ್ವರ ನೆಪವಾಗಿ ವನಜಾ ಹೋದಳು. ನಾನು ಬದುಕಿಡೀ ಚಿಂತೆ ಮಾಡಿದ ಸಾವಿರಾರು ಆಪತ್ತುಗಳಲ್ಲಿ ಅದೊಂದು ಸೇರಿರಲಿಲ್ಲ. ನಾನು ಮೊದಲು ಹೋಗುತ್ತೇನೆ ಎಂದೇ ಎಲ್ಲ ಏರ್ಪಾಟು ಮಾಡಿಟ್ಟಿದ್ದೆ. ನಮಗೆ ಒಬ್ಬಳೇ ಮಗಳು, ಚೈತ್ರ. ಹಾಗಾಗಿ ಮಡಕೆ ಹೊತ್ತವನು ನಾನೇ. ಹೆಗಲ ಮೇಲೆ ನೀರು ತುಂಬಿದ ಮಡಕೆ, ಸುತ್ತು ಬರುವಾಗ ಹಿಂದಿನಿಂದ ಯಾರೋ ಅದಕ್ಕೆ ತೂತು ಮಾಡುತ್ತಾರೆ, ನೀರು ಬೆನ್ನ ಮೇಲೆ ಇಳಿಯುತ್ತದೆ, ಕೊನೆಗೆ ಹಿಂದಕ್ಕೆ ಬಿಟ್ಟು, ತಿರುಗಿ ನೋಡದೆ ಬರಬೇಕು. ತಿರುಗಿ ನೋಡಲಿಲ್ಲ. ಅದು ಒಡೆದ ಸದ್ದು ಮಾತ್ರ ಕೇಳಿಸಿತು.

ತಿಥಿಗೆ ಬಂದವರೆಲ್ಲ ಹೊರಟ ಮೇಲೆ, ಮನೆ ಸದ್ದಿಲ್ಲದೆ ನಿಂತಿದ್ದಾಗ, ಫ್ರಿಜ್ಜು ತೆಗೆದೆ. ಮೇಲಿನ ಖಾನೆಯಲ್ಲಿ ಒಂದು ಸಣ್ಣ ಬಟ್ಟಲು ಮೊಸರು ಇತ್ತು. ನೋಡುತ್ತ ನಿಂತೆ. ಅವಳ ಸೀರೆ ಇತ್ತು, ಚಪ್ಪಲಿ ಇತ್ತು, ಬಾಚಣಿಗೆ ಇತ್ತು, ಆದರೆ ಅವೆಲ್ಲ ಇದ್ದ ಹಾಗೆ ಬಿದ್ದಿರುವಂಥವು. ಮೊಸರು ಹಾಗಲ್ಲ. ಅವಳ ಕೈಯ ಹೆಪ್ಪು ಅದರಲ್ಲಿ ಇನ್ನೂ ಜೀವದಿಂದಿದೆ, ಹಾಲು ಸಿಕ್ಕರೆ ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ. ಅವತ್ತು ರಾತ್ರಿ ಹಾಲು ಕಾಯಿಸಿ, ಕಿರುಬೆರಳು ಅದ್ದಿ, ಅದರಿಂದ ಒಂದು ಚಮಚ ಆ ಕಪ್ಪು ಮಡಕೆಗೆ ಹಾಕಿದೆ. ಬೆಳಿಗ್ಗೆ ಹೆಪ್ಪುಗಟ್ಟಿತ್ತು.

ಅಲ್ಲಿಂದ ನನ್ನ ಚಿಂತೆಗೆಲ್ಲ ಒಂದೇ ವಿಳಾಸ ಸಿಕ್ಕಿತು. ಈ ಹೆಪ್ಪು ತಪ್ಪಬಾರದು. ಹಾಲಿನವನು ಬರದ ದಿನಕ್ಕೆಂದು ಪ್ಯಾಕೆಟ್ಟು, ಮಡಕೆಯದು ಕೆಟ್ಟರೆ ಎಂದು ಫ್ರಿಜ್ಜಿನಲ್ಲೊಂದು ಬಟ್ಟಲು. ಶ್ರೀನಿವಾಸಪುರಕ್ಕೆ ಮಗಳ ಮನೆಗೆ ಹೋದಾಗ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ತುಂಬಿ, ಟವೆಲು ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಪಕ್ಕದಲ್ಲಿ ಕೂತಿದ್ದವರು ಪ್ರಸಾದ ಎಂದುಕೊಂಡು ಕಾಲು ತಾಗದ ಹಾಗೆ ಸರಿದು ಕೂತರು. ಚೈತ್ರ ಡಬ್ಬಿ ತೆಗೆದು ನೋಡಿ, "ಅಪ್ಪಾ, ನಮ್ಮನೇಲಿ ಮೊಸರು ಕೂಡ ಇರಲ್ಲ ಅಂದ್ಕೊಂಡ್ರಾ? ನಿಮ್ಮ ಅಳಿಯ ಏನಂತಾರೆ" ಎಂದು ಮುಖ ಊದಿಸಿದಳು. ಅಳಿಯನಿಗೆ ಮಾವಿನ ಮಂಡಿ. ಮಾವನ ಮೊಸರಿನ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳಲು ಅವನಿಗೆ ಪುರುಸೊತ್ತಿಲ್ಲ. ಇದು ನಿಮ್ಮಮ್ಮನದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಅವಳು ಅಳುತ್ತಿದ್ದಳು, ಇಲ್ಲವೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. ಎರಡರ ಬಗ್ಗೆಯೂ ಚಿಂತೆಯಾಗಿ, ಹೊಟ್ಟೆಗೆ ಹೊರಗಿನ ಮೊಸರು ಆಗಿಬರುವುದಿಲ್ಲ ಎಂದುಬಿಟ್ಟೆ.

ಹೀಗಿರುವಾಗ ಮಡಕೆ ಒಡೆಯಿತು. ಒಡೆಯಿತು ಎಂದರೆ ಮಡಕೆಯ ಮೇಲೆ ತಪ್ಪು ಹಾಕಿದಂತಾಗುತ್ತದೆ. ವನಜಾ ಅದನ್ನು ಬರೀ ಬಿಸಿನೀರು, ತೆಂಗಿನ ನಾರಿನಲ್ಲಿ ತೊಳೆದು ಬಿಸಿಲಿಗೆ ಇಡುತ್ತಿದ್ದಳು. ನನಗೆ ಅಷ್ಟು ಸಾಲುತ್ತದೆಯೇ ಎಂಬ ಅನುಮಾನ. ಕ್ರಿಮಿಕೀಟಗಳ ವಿಷಯ ಓದಿದವನು. ನಿಂಬೆಹಣ್ಣಿನ ಚಿತ್ರವಿರುವ ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿದೆ. ಹಾಲಿನ ನೀರು ಕುಡಿಯುವ ಮಡಕೆ ಸೋಪಿನ ನೀರು ಕುಡಿಯದೆ ಬಿಡುತ್ತದೆಯೇ? ಅವತ್ತಿನಿಂದ ಮೊಸರಿಗೆ ನಿಂಬೆ ವಾಸನೆ. ಅದನ್ನು ತೆಗೆಯಲು ಮಡಕೆಗೆ ಕುದಿಯುವ ನೀರು ಹೊಯ್ದೆ. ಟಿಕ್ ಎಂದಿತು. ಅಷ್ಟೇ. ದೊಡ್ಡ ಸದ್ದೂ ಇಲ್ಲ. ಕತ್ತಿನಿಂದ ತಳದವರೆಗೆ ಒಂದು ಗೆರೆ ಬಿಟ್ಟುಕೊಂಡು, ನಾನು ನೋಡುತ್ತಿದ್ದಂತೆಯೇ ಎರಡು ಹೋಳಾಗಿ ಸಿಂಕಿನಲ್ಲಿ ಒರಗಿತು.

ಸ್ಟೀಲ್ ಪಾತ್ರೆಯಲ್ಲಿ ಹೆಪ್ಪು ಹಾಕಿ ನೋಡಿದೆ. ಮೊಸರೇನೋ ಆಗುತ್ತಿತ್ತು. ಮೇಲೆ ನೀರು, ಕೆಳಗೆ ಲೋಳೆ, ಒಟ್ಟಿನಲ್ಲಿ ಯಾರ ಮನೆಯ ಮೊಸರು ಬೇಕಾದರೂ ಆಗಬಹುದಾದಂಥ ಮೊಸರು. ಹೆಪ್ಪು ಅವಳದೇ ಇದ್ದರೂ ಅವಳು ಅಲ್ಲಿ ಇರಲಿಲ್ಲ. ಮಡಕೆ ಬೇಕು ಎಂದುಕೊಂಡು ಒಂದು ಭಾನುವಾರ ಕೋಲಾರಕ್ಕೆ ಹೋದೆ.

ರಸ್ತೆ ಬದಿಯಲ್ಲಿ ಮಡಕೆ ಅಂಗಡಿಯೊಂದಿತ್ತು. ಮಣ್ಣಿನ ಪದಾರ್ಥಗಳಿಗೆ ಎಂಥ ಒಳ್ಳೆಯ ಕಾಲ ಬಂದಿದೆ ಎಂದರೆ, ಆನೆ ಮುಖದ ಹೂಕುಂಡ, ನಲ್ಲಿ ಇಟ್ಟ ನೀರಿನ ಮಡಕೆ, ಮುಚ್ಚಳ ತಿರುಗಿಸುವ ಬಾಟಲಿ, ಬಣ್ಣದ ದೀಪ, ಹೋಟೆಲಿನವರು ಬಿರಿಯಾನಿ ಕೊಡುವ ಕುಡಿಕೆ, ಎಲ್ಲಕ್ಕೂ ಮೇಲೆ ಥಳಥಳ ವಾರ್ನಿಷು. ನನಗೆ ಬೇಕಾದದ್ದು ಇದಾವುದೂ ಅಲ್ಲ. ಬಣ್ಣ ಬೇಡ, ವಾರ್ನಿಷು ಬೇಡ, ಸಾದಾ ಮಡಕೆ, ಇಷ್ಟು ಗಾತ್ರದ್ದು, ಒಂದೇ ಒಂದು ಎಂದು ಕೈಯಲ್ಲಿ ತೋರಿಸಿದೆ. ಅಂಗಡಿಯವನು ಅಲ್ಲಿಯವರೆಗೆ ಯಾರಿಗೋ ಹೂಕುಂಡದ ಗುಣಗಾನ ಮಾಡುತ್ತಿದ್ದವನು ತಟ್ಟನೆ ಧ್ವನಿ ತಗ್ಗಿಸಿದ. ಒಳಗಿನಿಂದ ಸಾದಾ ಮಡಕೆಯೊಂದನ್ನು ತಂದು, ಪೇಪರಿನಲ್ಲಿ ಸುತ್ತುತ್ತ, ನನ್ನ ಮುಖ ನೋಡದೆ ಕೇಳಿದ.

"ಯಾರು ಹೋಗಿದ್ದು ಸಾರ್?"

ಮಧ್ಯವಯಸ್ಸಿನ ಗಂಡಸು, ಒಬ್ಬನೇ ಬಂದು, ಒಂದೇ ಒಂದು ಸಾದಾ ಮಡಕೆ ಕೇಳಿದರೆ ಅದು ಇನ್ನು ಯಾವುದಕ್ಕಿರುತ್ತದೆ? ಅವನ ಲೆಕ್ಕ ಸರಿಯಾಗಿಯೇ ಇತ್ತು. ಯಾರೂ ಹೋಗಿಲ್ಲ ಎಂದರೆ ಸುಳ್ಳು, ಹೋಗಿದ್ದಾರೆ ಎಂದರೆ ಅದೂ ಒಂದು ಥರ ಸುಳ್ಳು. ಮೊಸರಿಗೆ ಎಂದೆ. ಅವನು ನಂಬಲಿಲ್ಲ. ದುಃಖದಲ್ಲಿ ಏನೋ ಮಾತಾಡುತ್ತಿದ್ದಾನೆ ಎಂದುಕೊಂಡು ಕುರ್ಚಿ ಎಳೆದು, ನೀರು ಕೊಟ್ಟ. ನೀರು ಕುಡಿದೆ. ಮಡಕೆಯನ್ನು ಅಲ್ಲೇ ಬಿಟ್ಟು ಬಂದೆ. ಅದನ್ನು ಮನೆಗೆ ತಂದು ಅದರೊಳಗೆ ಹಾಲು ಹೊಯ್ಯುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ತೀರ್ಮಾನ ಮಾಡಿದೆ, ಮಡಕೆಯನ್ನು ನಾನೇ ಮಾಡುತ್ತೇನೆ.

ಮಾಲೂರಿನಲ್ಲಿ ಕೂತು ಇಂಥ ತೀರ್ಮಾನ ಮಾಡುವುದು ದೊಡ್ಡ ಸಾಹಸವೇನೂ ಅಲ್ಲ ಎಂದು ನಿಮಗೆ ಅನ್ನಿಸಬಹುದು. ಹೆಂಚು, ಇಟ್ಟಿಗೆಯಿಂದ ಹೆಸರಾದ ಊರು. ಯಾರ್‍ಯಾರದೋ ಮನೆಗಳ ಗೋಡೆಗೆ ಇಲ್ಲಿಯ ಮಣ್ಣು ಹೋಗಿದೆ. ನನ್ನ ಹಳೆಯ ಸಹಪಾಠಿ ನಾರಾಯಣಸ್ವಾಮಿ ಹೆಂಚಿನ ಕಾರ್ಖಾನೆಯಲ್ಲಿ ಸೂಪರ್ವೈಸರ್ ಆಗಿದ್ದವನು, ಈಗ ಕಾರ್ಖಾನೆ ಮುಚ್ಚಿ ಮನೆಯಲ್ಲಿದ್ದಾನೆ. ವಿಷಯ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಮಾಲೂರಲ್ಲಿ ಹುಟ್ಟಿ ಇಷ್ಟು ವರ್ಷ ಕೈಗೆ ಮಣ್ಣಾಗದಂಗೆ ಬದುಕಿದ್ದೀಯಲ್ಲೋ, ಈಗೇನು ಬಂತು ನಿನಗೆ ರೋಗ" ಎಂದ. ಕೆರೆ ಮಣ್ಣು ತರೋಣ ಎಂದೆ. ಅದಕ್ಕೂ ನಕ್ಕ. ನಮ್ಮ ಕಡೆಯ ಕೆರೆಗಳು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಬಿದ್ದಿದ್ದಾಗ ಬೇಕಾದಷ್ಟು ಜೇಡಿಮಣ್ಣು ಸಿಗುತ್ತಿತ್ತು, ಆಗ ನನಗೆ ಬೇಕಿರಲಿಲ್ಲ. ನೀರಿಲ್ಲ ನೀರಿಲ್ಲ ಎಂದು ನಾನೂ ಅವನೂ ಸೇರಿ ಚಿಂತೆ ಮಾಡಿದ್ದೆವು. ಈಗ ಸರ್ಕಾರದವರು ಹಾಕಿಸಿದ ಪೈಪಿನಲ್ಲಿ ನೀರು ಬಂದು ಕೆರೆ ತುಂಬಿ, ಕೊಕ್ಕರೆ ಬಂದು ಕೂತಿದೆ. ಮಣ್ಣು ಎಲ್ಲೋ ತಳದಲ್ಲಿದೆ. ಕೊನೆಗೆ ಅವನೇ ಕಾರ್ಖಾನೆಯ ಅಂಗಳದಲ್ಲಿ ಉಳಿದುಹೋಗಿದ್ದ ಮಣ್ಣು ಒಂದು ಮೂಟೆ ತಂದು ಹಿತ್ತಿಲಿನಲ್ಲಿ ಇಳಿಸಿದ.

ಮಣ್ಣನ್ನು ಪುಡಿ ಮಾಡಿ, ನೀರಿನಲ್ಲಿ ನೆನೆಹಾಕಿ, ನನ್ನ ಹಳೆಯ ಪಂಚೆಯಲ್ಲಿ ಸೋಸಿ, ನೀರು ಇಂಗಿದ ಮೇಲೆ ನಾದಬೇಕು. ಇದಿಷ್ಟನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಮೊಬೈಲಿನಲ್ಲಿ ಮಡಕೆ ಮಾಡುವವರೆಲ್ಲ ಬಿಳಿ ಏಪ್ರನ್ ಕಟ್ಟಿಕೊಂಡು, ಹಿಂದೆ ಕೊಳಲಿನ ಸಂಗೀತ ಹಾಕಿಕೊಂಡು, ಮಗುವಿನ ಕೆನ್ನೆ ಸವರಿದ ಹಾಗೆ ಮಣ್ಣು ಸವರುತ್ತಾರೆ. ನನ್ನ ಹಿತ್ತಿಲಿನಲ್ಲಿ ಕೊಳಲಿನ ಬದಲು ನಾರಾಯಣಸ್ವಾಮಿ ಇದ್ದ. ಚಕ್ರವಿಲ್ಲದ್ದರಿಂದ ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಹರಡಿ, ತಳ ತಟ್ಟಿ, ಅದನ್ನು ಮಗುಚಿಟ್ಟು, ಮಣ್ಣನ್ನು ಚಕ್ಕುಲಿಯ ಹಾಗೆ ಹೊಸೆದು ಸುತ್ತಿ ಸುತ್ತಿ ಮೇಲಕ್ಕೆ ಏರಿಸಿದೆ. ಅವನಿಗೆ ಹೆಂಚು ಗೊತ್ತು, ಮಡಕೆ ಗೊತ್ತಿಲ್ಲ. ಆದರೆ ಗೊತ್ತಿಲ್ಲದ್ದು ಅವನ ಆತ್ಮವಿಶ್ವಾಸಕ್ಕೆ ಎಂದೂ ಅಡ್ಡ ಬಂದಿಲ್ಲ. ಇನ್ನೂ ದಪ್ಪ ಇರಲಿ, ಮೇಲೆ ಆಳು ನಿಂತರೂ ತಡೀಬೇಕು ಎಂದ. ಮೊಸರಿನ ಮಡಕೆಯ ಮೇಲೆ ಆಳು ಯಾಕೆ ನಿಲ್ಲುತ್ತಾನೆ ಎಂದು ನಾನು ಕೇಳಲಿಲ್ಲ, ಚಿಂತೆ ಮಾಡುವವರಿಗೆ ಅಂಥ ಸಾಧ್ಯತೆಗಳು ಥಟ್ಟನೆ ಸಹಜವೆನಿಸುತ್ತವೆ. ಮೊದಲ ಮಡಕೆ ರುಬ್ಬುವ ಕಲ್ಲಿನಷ್ಟು ಭಾರವಾಗಿ, ಒಣಗುವ ಮೊದಲೇ ತನ್ನ ಭಾರಕ್ಕೆ ತಾನೇ ಕುಸಿಯಿತು. ಆಮೇಲಿನವು ನೆರಳಿನಲ್ಲಿ ಒಣಗುತ್ತ ಸೀಳು ಬಿಟ್ಟವು. ಒಣಗಿತೇ ಎಂದು ಗಳಿಗೆಗೊಮ್ಮೆ ಹೋಗಿ ಮುಟ್ಟಿ ನೋಡುತ್ತಿದ್ದೆನಲ್ಲ, ಮುಟ್ಟಿದಲ್ಲೆಲ್ಲ ಒಂದು ಬೆರಳಿನ ಗುಂಡಿ.

ಸೀಳು ಬಿಡದ ಹಾಗೆ ಏನು ಮಾಡುವುದು ಎಂದು ಹುಡುಕುತ್ತಿದ್ದಾಗ ಒಂದು ವಿಷಯ ತಿಳಿಯಿತು. ಹಳೆಯ ಮಡಕೆಯ ಚೂರುಗಳನ್ನು ನುಣ್ಣಗೆ ಕುಟ್ಟಿ ಹೊಸ ಮಣ್ಣಿಗೆ ಬೆರೆಸುತ್ತಾರಂತೆ. ಒಂದು ಸಲ ಬೆಂಕಿ ಕಂಡು ಬಂದ ಮಣ್ಣು ಜೊತೆಗಿದ್ದರೆ ಹಸಿ ಮಣ್ಣು ಅಷ್ಟಾಗಿ ಕುಗ್ಗುವುದಿಲ್ಲ, ಸೀಳುವುದಿಲ್ಲ. ಲೋಕದಲ್ಲಿ ಎಲ್ಲೆಲ್ಲೋ ಇದ್ದವರು, ಒಬ್ಬರನ್ನೊಬ್ಬರು ಕಾಣದವರು, ಎಷ್ಟೋ ಹಿಂದಿನಿಂದ ಹೀಗೆ ಮಾಡುತ್ತ ಬಂದಿದ್ದಾರೆ. ಚೂರಿಗೆ ಸಾವಿಲ್ಲ ಎಂದು ಪಾಠ ಹೇಳಿದ ಮೇಷ್ಟರಿಗೆ ಚೂರಿನ ಈ ಉಪಯೋಗ ಗೊತ್ತಿರಲಿಲ್ಲ. ಹಳೆಯ ಮಡಕೆ ಹೊಸ ಮಡಕೆಗೆ ಹೆಪ್ಪು.

ವನಜಾಳ ಮಡಕೆಯ ಎರಡು ಹೋಳನ್ನು ನಾನು ಬಿಸಾಡಿರಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಇಳಿಸಿ ತಂದು ಒರಳಿನಲ್ಲಿ ಹಾಕಿದೆ. ಒನಕೆ ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಇಷ್ಟು ವರ್ಷ ಒಡೆಯದ ಹಾಗೆ ನೋಡಿಕೊಂಡಿದ್ದನ್ನು ಕುಟ್ಟಿ ಪುಡಿ ಮಾಡುವುದು ಹೇಗೆ? ನಾರಾಯಣಸ್ವಾಮಿ ಗೇಟಿನ ಹತ್ತಿರ ಬಂದವನು ನಿಂತು ನೋಡಿದ. ಅವನು ಏನಾದರೂ ಗೇಲಿ ಮಾಡುತ್ತಾನೆ ಎಂದು ಕಾದೆ. ಅವನು ಜಗಲಿಯ ಮೇಲೆ ಕೂತು, ಪೇಪರು ಬಿಡಿಸಿಕೊಂಡು ಮುಖಕ್ಕೆ ಅಡ್ಡ ಹಿಡಿದ. ನಾನು ಕುಟ್ಟಿ ಮುಗಿಸುವವರೆಗೂ ಅವನು ಹಾಳೆ ತಿರುವಿದ್ದು ಕೇಳಲಿಲ್ಲ.

ಆ ಪುಡಿ ಬೆರೆಸಿದ ಮಣ್ಣು ಕೈಗೆ ಸ್ವಲ್ಪ ತರಿತರಿಯಾಗಿ ಹತ್ತುತ್ತಿತ್ತು. ಅದರಲ್ಲಿ ಮೂರು ಮಡಕೆ ಮಾಡಿದೆ. ಈ ಸಲ ಮುಟ್ಟಿ ನೋಡುವ ಚಟಕ್ಕೆ ಮದ್ದಾಗಿ, ಅವನ್ನು ಬುಟ್ಟಿಯ ಅಡಿ ಮುಚ್ಚಿಟ್ಟು, ಬುಟ್ಟಿಯನ್ನು ಮಾತ್ರ ಮುಟ್ಟಿ ನೋಡುತ್ತಿದ್ದೆ. ಬಾಯಿ ಕೊಂಚ ಸೊಟ್ಟಗಿದ್ದರೂ ಮೂರೂ ಸೀಳದೆ ಒಣಗಿದವು. ಇನ್ನು ಸುಡಬೇಕು. ನಮ್ಮ ಶಾಲೆಯ ಜವಾನ ವಕ್ಕಲೇರಿ ಕಡೆಯವನು, ಹಿಪ್ಪುನೇರಳೆ ಕಡ್ಡಿಯ ಹೊರೆ ತಂದುಕೊಟ್ಟ. ರೇಷ್ಮೆಹುಳು ಎಲೆ ತಿಂದು ಬಿಟ್ಟ ಕಡ್ಡಿ ಚೆನ್ನಾಗಿ ಉರಿಯುತ್ತದೆ. ಕೆಳಗೆ ಬೆರಣಿ, ನಡುವೆ ಮಡಕೆ, ಸುತ್ತ ಕಡ್ಡಿ, ಮೇಲೆ ಹುಲ್ಲು, ಅದರ ಮೇಲೆ ತೆಳ್ಳಗೆ ಕೆಸರು ಮೆತ್ತಿ ಬೆಂಕಿ ಇಟ್ಟೆ. ಹೊಗೆ ಎದ್ದಿತು. ನನ್ನ ಲೆಕ್ಕಕ್ಕಿಂತ ಜಾಸ್ತಿಯೇ ಎದ್ದಿತು.

ಹಿತ್ತಿಲ ಗೋಡೆಯಾಚೆ ಮೆಹರ್ ಆಪಾ ಮನೆ. ಅವರ ಯಜಮಾನರದು ಹಾಸಿಗೆ ದಿಂಬಿನ ಅಂಗಡಿ. ನಾವು ಈ ಮನೆಗೆ ಬಂದಾಗಿನಿಂದ ಪಕ್ಕದಲ್ಲಿರುವವರು. ವನಜಾ ಅವರನ್ನು ಅಕ್ಕ ಎನ್ನುವ ಬದಲು ಅವರ ಮಾತಿನಲ್ಲೇ ಆಪಾ ಎನ್ನುತ್ತಿದ್ದರಿಂದ ನನಗೂ ಅವರು ಆಪಾ. ನನ್ನ ಹೊಗೆ ನೇರವಾಗಿ ಅವರು ಒಣಹಾಕಿದ್ದ ಬಟ್ಟೆಗಳ ಮೇಲೆ ಹೋಯಿತು. ಅವರು ಕೆಮ್ಮುತ್ತ ಗೋಡೆಯ ಮೇಲೆ ಇಣುಕಿ, "ಏನ್ ಸಾರ್ ಇದು, ಸೊಳ್ಳೆಗೆ ಹಾಕಿದ್ದಾ, ನಮಗೆ ಹಾಕಿದ್ದಾ?" ಎಂದರು. ಮಡಕೆ ಸುಡುತ್ತಿದ್ದೇನೆ, ಮೊಸರಿಗೆ ಎಂದೆ. ಅವರು ಸ್ವಲ್ಪ ಹೊತ್ತು ಬೆಂಕಿ ನೋಡುತ್ತ ನಿಂತರು. ಆಮೇಲೆ ಹೋಗಿ, ಬಟ್ಟೆಯನ್ನೆಲ್ಲ ಎತ್ತಿಕೊಂಡು ಒಳಗೆ ಹಾಕಿದರು.

ಬೆಂಕಿಯೊಳಗಿನಿಂದ ಢಬ್ ಎಂದು ಒಂದು ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬೂದಿ ಆರಿದ ಮೇಲೆ ಕೆದಕಿ ನೋಡಿದರೆ ಒಂದೇ ಉಳಿದಿತ್ತು. ಒಂದು ಕಡೆ ಕೆಂಪು, ಒಂದು ಕಡೆ ಏಟು ತಿಂದ ಹಾಗೆ ಕಪ್ಪು, ಬಾಯಿ ಸೊಟ್ಟ. ಬೆರಳಿನಲ್ಲಿ ತಟ್ಟಿದೆ. ಠಣ್ ಎನ್ನಲಿಲ್ಲ, ಟೊಕ್ ಎಂದಿತು. ಆದರೂ ಅದರ ಅಪ್ಪನ ಜಾಗದಲ್ಲಿ ನಿಂತು ಹೇಳಬೇಕೆಂದರೆ, ಚೆನ್ನಾಗಿತ್ತು.

ಅದನ್ನು ನೀರಿನಲ್ಲಿ ನೆನೆಸಿ, ರಾಗಿ ಗಂಜಿ ಕಾಯಿಸಿ ಹೊಯ್ದು ಇಟ್ಟು, ತೊಳೆದು, ಒಣಗಿಸಿ, ಒಂದು ರಾತ್ರಿ ಹೆಪ್ಪು ಹಾಕುವ ಮುಹೂರ್ತ ಬಂತು. ಇಲ್ಲಿಯವರೆಗೂ ಬುದ್ಧಿವಂತನಾಗಿದ್ದೆ. ಆಗ ಚಿಂತೆ ಶುರುವಾಯಿತು. ಹೊಸ ಮಡಕೆ, ತಣ್ಣಗಿದೆ, ಹಾಲು ಆರಿಬಿಟ್ಟರೆ? ಹಾಗಾಗಿ ಹಾಲನ್ನು ಬಿಸಿಯಾಗಿಯೇ ಹೊಯ್ದೆ. ಮಡಕೆ ಹೆಪ್ಪನ್ನೂ ಕುಡಿದುಬಿಟ್ಟರೆ? ಹಾಗಾಗಿ ಒಂದು ಚಮಚದ ಬದಲು ಇದ್ದದ್ದೆಲ್ಲ ಹಾಕಿದೆ. ಫ್ರಿಜ್ಜಿನಲ್ಲಿ ಆಪತ್ತಿಗೆಂದು ಇಟ್ಟ ಬಟ್ಟಲಿನದನ್ನೂ ಬಳಿದು ಹಾಕಿದೆ. ಇದಕ್ಕಿಂತ ದೊಡ್ಡ ಆಪತ್ತು ಇನ್ನೇನು ಬರುತ್ತದೆ ಎಂದು ಆ ಹೊತ್ತಿಗೆ ಅನ್ನಿಸಿತ್ತು. ಬೆಳಿಗ್ಗೆ ತಟ್ಟೆ ಸರಿಸಿದರೆ, ಬಿಸಿಗೆ ಹೆಪ್ಪು ಸತ್ತು, ಹಾಲು ಕೆಟ್ಟು, ಹೊಗೆಯ ವಾಸನೆಯ ನೀರಿನಲ್ಲಿ ಬಿಳಿ ತುಣುಕುಗಳು ತೇಲುತ್ತಿದ್ದವು.

ಶಾಲೆಗೆ ರಜೆ ಹಾಕಿದೆ. ಏನೆಂದು ಹೇಳುವುದು, ಹೊಟ್ಟೆನೋವು ಎಂದೆ. ದಿನವಿಡೀ ಅಡುಗೆಮನೆಯಲ್ಲಿ ಕೂತಿದ್ದೆ. ಅವಳು ಹೋದಾಗ ಮನೆ ತುಂಬ ಜನರಿದ್ದರು, ಮಾಡಬೇಕಾದ ಶಾಸ್ತ್ರಗಳಿದ್ದವು, ಅಳುವ ಸರದಿ ನನಗೆ ಬಂದಿರಲಿಲ್ಲ. ಈಗ ಬಂತು. ಕೆಟ್ಟ ಹಾಲಿನ ಮುಂದೆ ಕೂತು ಅತ್ತೆ.

ಕತ್ತಲಾಗುವ ಹೊತ್ತಿಗೆ ದೇವರ ಮುಂದೆ ದೀಪ ಹಚ್ಚಿ, ಸುಮ್ಮನೆ ಹಿತ್ತಿಲಿಗೆ ಹೋಗಿ ನಿಂತೆ. ಗೋಡೆಯಾಚೆ ಮೆಹರ್ ಆಪಾ ಪಾತ್ರೆ ತೊಳೆಯುತ್ತಿದ್ದರು. ಏನ್ ಸಾರ್, ಮೊಸರು ಆಯ್ತಾ ಎಂದರು. ನಡೆದದ್ದು ಹೇಳಿದೆ. ವನಜಾ ಇದ್ದಾಗಿನಿಂದ ನಡೆದುಬಂದ ಹೆಪ್ಪು, ತೀರಿಹೋಯಿತು ಎಂದೆ. ನಿಮ್ಮನೆಯಿಂದ ಒಂದು ಚಮಚ ಕೇಳೋಣ ಎಂದರೂ ದೀಪ ಹಚ್ಚಿ ಆಗಿದೆ ಎಂದೆ. ನಿಮಗೆ ಗೊತ್ತಿರುತ್ತದೆ, ನಮ್ಮ ಬೀದಿಯಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ. ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳಂತೆ. ನಮ್ಮ ಅಮ್ಮನ ಕಾಲದಿಂದ ನಮ್ಮ ಮನೆಯಲ್ಲಂತೂ ಅದು ಕಟ್ಟುನಿಟ್ಟು.

ಆಪಾ ಕೈ ಒರೆಸಿಕೊಂಡು ಗೋಡೆಯ ಹತ್ತಿರ ಬಂದರು.

"ಆ ಲೆಕ್ಕ ನಮ್ಮ ಮನೇಲಿ ಇಲ್ಲ ಸಾರ್. ಅದಕ್ಕೇ ವನಜಾ ಇಲ್ಲಿಗೇ ಬರ್ತಿದ್ದಿದ್ದು. ಹೆಪ್ಪು ಕೆಟ್ಟೋದ್ರೆ ಇದೇ ಟೈಮಿಗೆ, ಇದೇ ಜಾಗದಲ್ಲಿ ನಿಂತ್ಕೊಂಡು ಆಪಾ ಅಂತ ಮೆಲ್ಲಗೆ ಕರೆಯೋಳು."

ನನಗೆ ಅರ್ಥವಾಗಲಿಲ್ಲ. ಕೆಟ್ಟುಹೋಗುತ್ತಿತ್ತೇ ಎಂದೆ.

"ಬೇಕಾದಷ್ಟು ಸಲ. ನಿಮ್ಮಮ್ಮ ಇದ್ದಾಗ ನಮ್ಮನೇದು ಅಂತ ಹೇಳಂಗಿರಲಿಲ್ಲ. ಅವರು ಹೋದ್ಮೇಲಾದ್ರೂ ಸಾರ್‌ಗೆ ಹೇಳೇ ಅಂದ್ರೆ, ಬೇಡ ಆಪಾ, ಹೇಳಿದ್ರೆ ಅವರು ಇನ್ಮೇಲೆ ದಿನಾ ರಾತ್ರಿ ಎದ್ದು ಹಾಲಿನ ಮುಂದೆ ಕಾವಲು ಕೂರ್ತಾರೆ ಅನ್ನೋಳು."

ಅವರು ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದರು. ಆಮೇಲೆ ಹೇಳಿದರು. ತಿಥಿಯ ಗಲಾಟೆಯಲ್ಲಿ ಅವರು ನಮ್ಮ ಅಡುಗೆಮನೆ ಒಪ್ಪ ಮಾಡಲು ಬಂದಿದ್ದಾಗ ಫ್ರಿಜ್ಜಿನಲ್ಲಿದ್ದ ವನಜಾಳ ಮೊಸರು ಹುಳಿದು, ಬೂಸ್ಟು ಹಿಡಿದಿತ್ತಂತೆ. ಅದನ್ನು ಚೆಲ್ಲಿ, ಬಟ್ಟಲು ತೊಳೆದು, ನನಗೆ ಬೇಕಾದೀತೆಂದು ತಮ್ಮ ಮನೆಯ ಮೊಸರು ಇಟ್ಟು ಹೋಗಿದ್ದರು.

ನಾನು ಟವೆಲು ಸುತ್ತಿ ಶ್ರೀನಿವಾಸಪುರಕ್ಕೆ ಹೊತ್ತುಕೊಂಡು ಹೋದದ್ದು ಅದನ್ನು. ರಾತ್ರಿಯೆಲ್ಲ ಕಾದದ್ದು ಅದನ್ನು. ಮುಖದಲ್ಲಿ ಏನು ಕಂಡಿತೋ, ಆಪಾ ಗಾಬರಿಯಾಗಿ, "ಅಯ್ಯೋ ಹಂಗೆ ನೋಡ್ಬೇಡಿ ಸಾರ್. ಅದು ನಮ್ದು ಅಂತ ಹೆಂಗೆ ಹೇಳೋದು? ಅದಕ್ಕೆ ಮುಂಚೆ ರಂಜಾನಲ್ಲಿ ನಮ್ದು ಕೆಟ್ಟೋಗಿ, ವನಜಾನೇ ಕೊಟ್ಟಿದ್ದಲ್ವಾ" ಎಂದರು. ಒಳಗೆ ಹೋಗಿ ಸಣ್ಣ ಲೋಟದಲ್ಲಿ ಹೆಪ್ಪು ತಂದು ಗೋಡೆಯ ಮೇಲೆ ಇಟ್ಟರು. ಗೋಡೆಯ ಆ ಜಾಗದಲ್ಲಿ ಸಿಮೆಂಟು ಸವೆದು ನುಣ್ಣಗಾಗಿ, ಲೋಟ ಕೂರುವಷ್ಟು ತಗ್ಗಾಗಿತ್ತು. ಇಷ್ಟು ವರ್ಷ ಅದನ್ನು ನಾನು ನೋಡಿರಲಿಲ್ಲ. ನೋಡಿದ್ದರೆ ಗೋಡೆ ಬೀಳುತ್ತದೆಂದು ಚಿಂತೆ ಮಾಡಿ ಗಾರೆಯವನನ್ನು ಕರೆಸಿರುತ್ತಿದ್ದೆ.

ಅವತ್ತು ಬಹಳ ಹೊತ್ತು ನಿದ್ದೆ ಬರಲಿಲ್ಲ. ಮೊದಲು ಮೋಸವಾದಂತೆ ಅನ್ನಿಸಿತು. ಒಂದು ವರ್ಷದ ಮೇಲೆ ನಾನು ಅವಳೆಂದು ಹಿಡಿದುಕೊಂಡದ್ದರಲ್ಲಿ ಅವಳಿರಲಿಲ್ಲ. ಅವಳು ಇದ್ದಾಗಲೂ, ನಾನು ಹುಳಿ ಜಾಸ್ತಿ ಸಪ್ಪೆ ಜಾಸ್ತಿ ಎಂದು ವರದಿ ಕೊಡುತ್ತಿದ್ದ ಮೊಸರು ಎಷ್ಟೋ ದಿನ ಗೋಡೆಯಾಚೆಯಿಂದ ಬಂದದ್ದು. ಆಮೇಲೆ ಕತ್ತಲಲ್ಲಿ ಗೋಡೆಯ ಹತ್ತಿರ ಸೆರಗು ಹೊದ್ದು ನಿಂತು ಮೆಲ್ಲಗೆ ಕರೆಯುವ ವನಜಾ ಕಣ್ಣಿಗೆ ಬಂದಳು. ನಾನು ಕಾಣದೇ ಇದ್ದ ವನಜಾ. ಸತ್ತವರ ಬಗ್ಗೆ ಹೊಸದಾಗಿ ಒಂದು ವಿಷಯ ತಿಳಿಯುವುದು ಎಂದರೆ ಏನು ಗೊತ್ತೆ? ಒಂದು ಗಳಿಗೆ ಅವರು ಹೊಸದಾಗಿ ಏನೋ ಮಾಡಿದ ಹಾಗೆ. ನಗು ಬಂತು. ನಗು ನಿಂತ ಮೇಲೆ ಮನೆ ಮೊದಲಿಗಿಂತ ಖಾಲಿಯಾಗಿತ್ತು.

ಆಪಾ ಕೊಟ್ಟ ಹೆಪ್ಪನ್ನು ಹೊಸ ಮಡಕೆಯಲ್ಲಿ, ಕಿರುಬೆರಳು ಅದ್ದಿ ನೋಡಿದ ಹಾಲಿಗೆ ಹಾಕಿದ್ದೆ. ಬೆಳಿಗ್ಗೆ ಮೊಸರಾಗಿತ್ತು. ಮಣ್ಣಿನ ವಾಸನೆ, ಹೊಗೆಯ ವಾಸನೆ, ಮಡಕೆಯ ತಳ ಬೆವೆತು ಕೆಳಗಿನ ತಟ್ಟೆಯಲ್ಲಿ ನೀರು. ವನಜಾಳ ಮೊಸರಿನ ಹಾಗೆ ಇರಲಿಲ್ಲ. ದಿನ ಕಳೆದಂತೆ ಹೊಗೆ ಹೋಯಿತು, ಬೆವರು ನಿಂತಿತು. ಆದರೂ ಅವಳ ಮೊಸರಿನ ಹಾಗೆ ಆಗಿಲ್ಲ, ಇನ್ನು ಆಗುವುದೂ ಇಲ್ಲ. ಸೊಟ್ಟ ಬಾಯಿಗೆ ಯಾವ ತಟ್ಟೆಯೂ ಸರಿಯಾಗಿ ಕೂರುವುದಿಲ್ಲ. ಗುಂಡುಕಲ್ಲು ಮಾತ್ರ ಹಳೆಯದೇ.

ಮೊನ್ನೆ ಸಂಜೆ ಮೆಹರ್ ಆಪಾ ಮನೆಗೆ ನೆಂಟರು ತುಂಬಿದ್ದರು. ದೀಪ ಹಚ್ಚಿ ಬಂದು ಮಕ್ಕಳ ಪರೀಕ್ಷೆ ಪೇಪರು ನೋಡುತ್ತಿದ್ದೆ, ಹಿತ್ತಿಲಿನಿಂದ ಸಾರ್ ಎಂದು ಮೆಲ್ಲಗೆ ಕರೆದರು. ಕೈಯಲ್ಲಿ ಲೋಟ. ಇದ್ದ ಮೊಸರೆಲ್ಲ ನೆಂಟರ ಊಟಕ್ಕೆ ಹೋಯಿತಂತೆ. ದೇವರ ಮುಂದೆ ದೀಪ ಉರಿಯುತ್ತಲೇ ಇತ್ತು. ಬೆಳಿಗ್ಗೆ ಉಳಿದಿದ್ದ ಮೊಸರು ಮಡಕೆಯ ತಳದಲ್ಲಿ ಸ್ವಲ್ಪವೇ ಇತ್ತು. ಬಳಿದು ಅವರ ಲೋಟಕ್ಕೆ ಹಾಕಿ, ಗೋಡೆಯ ಆ ತಗ್ಗಿನಲ್ಲಿಟ್ಟೆ. ಲಕ್ಷ್ಮಿ ನಮ್ಮ ಮನೆಯಿಂದ ಹೋಗಿ ಆಗಲೇ ವರ್ಷದ ಮೇಲಾಗಿದೆ, ಇನ್ನು ಯಾರು ಹೋಗಬೇಕು.

ಒಳಗೆ ಬಂದು ಹಾಲು ಕಾಯಿಸಲು ಇಟ್ಟ ಮೇಲೆ ನೆನಪಾಯಿತು, ನನಗೆಂದು ಒಂದು ಚಮಚ ಉಳಿಸಿಕೊಂಡಿಲ್ಲ. ಫ್ರಿಜ್ಜಿನ ಬಟ್ಟಲೂ ಖಾಲಿ. ರೂಢಿಯಂತೆ ಎದೆ ಧಸಕ್ಕೆನ್ನಲಿ ಎಂದು ಸ್ವಲ್ಪ ಹೊತ್ತು ಕಾದೆ. ಅನ್ನಲಿಲ್ಲ. ಒಲೆ ಆರಿಸಿ, ಬೀಗ ಜಗ್ಗಿ ನೋಡಿ, ಮಲಗಿದೆ. ಬೀಗವನ್ನು ಒಂದೇ ಸಲ.